ಕೆಂಚವ್ವನ ಸೊಸೆ ತಿಂದ ಕವಳೆ ಹಣ್ಣು

ಹತ್ತಿರ ಬಂದು ಕೂತುಕೊಳ್ಳಿ. ಹಿಂದೆ ಕೂತವರು ಹೂಂಗುಟ್ಟಬೇಕು, ಮುಂದೆ ಕೂತವರು ಆಕಳಿಸಬಾರದು. ಇಷ್ಟಕ್ಕೆ ಒಪ್ಪಿದರೆ ಕತೆ ಶುರು. ಒಪ್ಪದಿದ್ದರೂ ಶುರು, ಯಾಕೆಂದರೆ ಬಾಯಿಗೆ ಬಂದ ಕತೆಯನ್ನು ತಡೆದು ನನಗೆ ಅಭ್ಯಾಸವಿಲ್ಲ.

ಎಲ್ಲೋ ಒಂದು ಸೀಮೆ. ಆ ಸೀಮೆಯಲ್ಲಿ ಒಂದು ಊರು. ಊರಿನ ಹೆಸರು ಕೇಳಬೇಡಿ. ಹೇಳಿದೆ ಅಂತಿಟ್ಟುಕೊಳ್ಳಿ, ನಿಮ್ಮಲ್ಲೊಬ್ಬರು ಎದ್ದು ಅಲ್ಲಿ ನಮ್ಮ ಬೀಗರಿದ್ದಾರೆ ಅನ್ನುತ್ತೀರಿ, ಕತೆ ಅಲ್ಲೇ ಕುಕ್ಕರಿಸಿಬಿಡುತ್ತದೆ.

ಊರ ಹಿಂದೆ ಒಂದು ಗುಡ್ಡ. ದೊಡ್ಡ ಮರಗಳ ಗುಡ್ಡವಲ್ಲ, ಸೊಂಟದೆತ್ತರದ ಮುಳ್ಳುಕಂಟಿಗಳ ಗುಡ್ಡ. ಹೊಸಬರು ನೋಡಿದರೆ ಇದು ಯಾತಕ್ಕೂ ಬಾರದ್ದು ಅನ್ನಬೇಕು. ಆದರೆ ಪುಷ್ಯದಲ್ಲಿ ಎಲಚಿ ಹಣ್ಣು ಕೊಡುತ್ತಿತ್ತು. ವೈಶಾಖ, ಜ್ಯೇಷ್ಠದಲ್ಲಿ ಕವಳೆ ಹಣ್ಣು. ಆಷಾಢದಲ್ಲಿ ಹಳ್ಳದ ದಂಡೆಯ ನೇರಳೆ. ಕಾರ್ತೀಕ ಕಳೆದರೆ ನೆಲ್ಲಿ. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹೊಯ್ದದ್ದಲ್ಲ. ಊರಿನವರಿಗೆ ಅದೇ ಔಷಧದ ಪೆಟ್ಟಿಗೆ. ಒಸಡಿನಲ್ಲಿ ರಕ್ತ ಜಿನುಗಿತಾ, ನೆಲ್ಲಿ ಅಗಿ. ಹೊಟ್ಟೆ ಕೆಟ್ಟಿತಾ, ನೇರಳೆ ತಿನ್ನು. ಮೈಯಲ್ಲಿ ರಕ್ತ ಕಡಿಮೆಯಾಗಿ ಕಣ್ಣು ಕತ್ತಲೆ ಬಂತಾ, ಕವಳೆ ತಿನ್ನು. ಗಂಡಸರು ತಿನ್ನಲಿ, ಮಕ್ಕಳು ತಿನ್ನಲಿ, ಕುರಿಗಳು ತಿನ್ನಲಿ, ಯಾರೂ ಕೇಳುವವರಿಲ್ಲ.

ಬಸುರಿಯರು ಮಾತ್ರ ಮುಟ್ಟುವಂತಿಲ್ಲ.

ಯಾಕೆ? ಕವಳೆ ಕಪ್ಪು, ನೇರಳೆ ಕಪ್ಪು. ಬಸುರಿ ಕಪ್ಪು ತಿಂದರೆ ಹುಟ್ಟುವ ಕೂಸೂ ಕಪ್ಪು. ಇದು ಆ ಊರಿನ ಹೆಂಗಸರ ಲೆಕ್ಕ. ನಿನಗೆ ಯಾರು ಹೇಳಿದರು ಅಂತ ಕೇಳಿದರೆ ನಮ್ಮತ್ತೆ ಅನ್ನುವರು. ಅತ್ತೆಗೆ ಯಾರು ಹೇಳಿದರು? ಅವಳ ಅತ್ತೆ. ಅತ್ತೆಯ ಹೆಗಲ ಮೇಲೆ ಅತ್ತೆ, ಅವಳ ಹೆಗಲ ಮೇಲೆ ಇನ್ನೊಬ್ಬ ಅತ್ತೆ, ಹೀಗೆ ಆಕಾಶದವರೆಗೆ ನಿಂತ ಗೋಪುರ ಅದು. ಎಲ್ಲರಿಗಿಂತ ಕೆಳಗೆ ನಿಂತು ಭಾರ ಹೊರುವವಳು ಯಾರು? ನೀವೇ ಹೇಳಿ. ಹೂಂ, ಸೊಸೆ.

ಆ ಊರಲ್ಲಿ ಕೆಂಚವ್ವ ಅಂತ ಒಬ್ಬ ಅತ್ತೆ. ಹೆಸರು ಕೆಂಚವ್ವ, ಮೈಬಣ್ಣ ಮಾತ್ರ ಚೆನ್ನಾಗಿ ಪಳಗಿದ ರೊಟ್ಟಿ ಹಂಚಿನದು. ಹುಟ್ಟಿದಾಗ ಇಟ್ಟ ಹೆಸರು ಬೇರೆ. ಮದುವೆಯಾಗಿ ಹೊಸಿಲು ದಾಟಿದ ದಿನ ಅವಳ ಅತ್ತೆ ಎಲ್ಲರೆದುರು ಬಾಯ್ತುಂಬ ನಕ್ಕು, ಬಾರೇ ಕೆಂಚವ್ವ ಅಂತ ಕರೆದಳು. ದಿಬ್ಬಣದವರೂ ನಕ್ಕರು. ಆವತ್ತಿನಿಂದ ಅದೇ ಹೆಸರಾಯಿತು. ನಲವತ್ತು ವರ್ಷ ಆ ಹೆಸರಿಗೆ ಓಗೊಡುತ್ತ ಬಂದವಳು ಮನಸ್ಸಿನಲ್ಲಿ ಒಂದು ಹಟ ಹಿಡಿದಿದ್ದಳು: ನನ್ನ ಮೊಮ್ಮಗುವನ್ನು ನೋಡಿ ಯಾರೂ ಹಾಗೆ ನಗಬಾರದು.

ಅವಳಿಗೆ ಒಬ್ಬನೇ ಮಗ, ಜುಂಜಣ್ಣ. ಕುರಿ ಮೇಯಿಸುವವನು, ಬಣ್ಣದಲ್ಲಿ ತಾಯಿಯನ್ನೇ ಹೋಲುವವನು, ಧೈರ್ಯದಲ್ಲಿ ತನ್ನ ಕುರಿಗಳನ್ನು. ಅವನ ಹೆಂಡತಿ ಹನುಮಕ್ಕ. ಹನುಮಕ್ಕನಿಗೆ ತಾಯಿಯಿಲ್ಲ, ಇರುವ ಒಬ್ಬ ಅಣ್ಣ ಹೊಳೆಯಾಚೆ ಎಲ್ಲೋ. ಹಾಗಾಗಿ ಚೊಚ್ಚಲ ಬಸುರಿಯಾದರೂ ತವರಿಗೆ ಹೋಗುವಂತಿರಲಿಲ್ಲ. ಬಾಣಂತನ ಅತ್ತೆಯ ಮನೆಯಲ್ಲೇ.

ಸೊಸೆ ಮುಟ್ಟು ನಿಂತು ಎರಡು ತಿಂಗಳಾಯಿತು ಅನ್ನುವುದೇ ತಡ, ಕೆಂಚವ್ವ ಅಡುಗೆಮನೆಗೆ ಕಾವಲು ಕೂತಳು. ರಾಗಿ ಮುದ್ದೆ ಕಪ್ಪು, ಬೇಡ. ಹುರುಳಿ ಕಪ್ಪು, ಬೇಡ. ಎಳ್ಳು ಕಪ್ಪು, ಬೇಡ. ಸೊಪ್ಪು ಹಸಿರಲ್ಲವೇ ಅಂತ ಹನುಮಕ್ಕ ಮೆಲ್ಲಗೆ ಕೇಳಿದಳು. ಬೆಂದ ಮೇಲೆ ಕಪ್ಪಾಗುತ್ತದೆ, ಅದೂ ಬೇಡ. ಮತ್ತೇನು ಉಣ್ಣಬೇಕು? ಹಾಲು, ಅನ್ನ, ಬೆಣ್ಣೆ, ಕೊಬ್ಬರಿ, ಬೂದುಗುಂಬಳ. ಆ ಸೀಮೆಯಲ್ಲಿ ಅಕ್ಕಿ ಅಂದರೆ ಹಬ್ಬಕ್ಕೆ ಮಾತ್ರ. ಕೆಂಚವ್ವ ಎರಡು ಕೊಬ್ಬಿದ ಟಗರು ಕೊಟ್ಟು ಅಕ್ಕಿ ತರಿಸಿದಳು. ಅವಳಿಗೆ ಸೊಸೆಯ ಮೇಲೆ ಪ್ರೀತಿಯಿರಲಿಲ್ಲ ಅನ್ನಬೇಡಿ. ಪ್ರೀತಿ ಇತ್ತು. ಅದಕ್ಕೇ ಇಷ್ಟು ಪಾಡು.

ತಿನ್ನುವುದಷ್ಟೇ ಅಲ್ಲ, ನೋಡುವುದಕ್ಕೂ ಕಟ್ಟು. ರೊಟ್ಟಿ ಹಂಚನ್ನು ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದಳು. ಮಾಳಿಗೆ ಮೇಲೆ ಕಾಗೆ ಕೂತರೆ ಕೋಲು ಹಿಡಿದು ಓಡಿದಳು. ಕೊನೆಗೆ ಮಗನನ್ನೂ ಕರೆದು, ನೀನು ಹೆಂಡತಿ ಎದುರು ಕೂತು ಉಣ್ಣಬೇಡ, ಗೋಡೆ ಕಡೆ ತಿರುಗಿ ಕೂತುಕೋ ಅಂದಳು. ಜುಂಜಣ್ಣ ತಿರುಗಿ ಕೂತ. ಆವತ್ತಿನಿಂದ ಅವನು ಸಾರು ಬೇಕಾದರೆ ಗೋಡೆಯನ್ನು ಕೇಳುತ್ತಿದ್ದ.

ಐದು ತಿಂಗಳಾಯಿತು. ಹನುಮಕ್ಕ ದಿನದಿನಕ್ಕೆ ಬಿಳುಪೇರಿದಳು. ಕೆಂಚವ್ವನಿಗೆ ಹಿಗ್ಗೋ ಹಿಗ್ಗು. ನೋಡಿದಿರಾ, ಅನ್ನದ ಗುಣ ತಾಯಿಗೇ ಇಷ್ಟು ಹಿಡಿದಿದೆ, ಇನ್ನು ಕೂಸಿಗೆ ಎಷ್ಟು ಹಿಡಿದಿರಬೇಡ ಅಂತ ಬಾವಿ ಕಟ್ಟೆಯಲ್ಲಿ ಹೇಳಿಕೊಂಡು ಬಂದಳು. ಅದೇ ಬಾವಿಯಿಂದ ಒಂದು ಕೊಡ ನೀರು ಹೊತ್ತು ತರಲು ಹನುಮಕ್ಕ ದಾರಿಯಲ್ಲಿ ಮೂರು ಸಲ ಕೂತು ಎದ್ದಳು. ಅದನ್ನು ಮಾತ್ರ ಕೆಂಚವ್ವ ಯಾರಿಗೂ ಹೇಳಲಿಲ್ಲ. ಸೊಸೆ ಯಾರಿಗೂ ಕಾಣದಂತೆ ಗೋಡೆಯ ಕೆಮ್ಮಣ್ಣನ್ನು ಉಗುರಿನಲ್ಲಿ ಕೆರೆದು ತಿನ್ನುತ್ತಿದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ.

ಈಗ ಪಾಪಜ್ಜಿ ಬರಬೇಕು. ಪಾಪಜ್ಜಿ ಆ ಊರಿನ ಸೂಲಗಿತ್ತಿ. ಮೂರು ತಲೆಮಾರಿನ ಹೊಕ್ಕುಳಬಳ್ಳಿ ಕೊಯ್ದ ಕೈ. ಬಾಯಲ್ಲಿ ಉಳಿದದ್ದು ಎರಡೇ ಹಲ್ಲು, ಎರಡೂ ನಗುವುದಕ್ಕೇ ಮೀಸಲು. ಐದು ತಿಂಗಳಿಗೆ ಬಸುರಿಯನ್ನು ನೋಡಿಹೋಗುವುದು ಅವಳ ಪದ್ಧತಿ. ಬಂದಳು. ಹನುಮಕ್ಕನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಉಗುರು ಒತ್ತಿ ನೋಡಿದಳು. ಅಂಗೈ ಬಿಡಿಸಿ ನೋಡಿದಳು. ಅವಳ ಎರಡು ಹಲ್ಲೂ ಒಳಗೆ ಹೋದವು.

“ಕೆಂಚೀ, ನಿನ್ನ ಸೊಸೆ ಬೆಳ್ಳಗಾಗಿಲ್ಲ ಕಣೇ. ಖಾಲಿಯಾಗಿದಾಳೆ,” ಅಂದಳು.

ಕೆಂಚವ್ವ ಮುಖ ಗಂಟಿಕ್ಕಿದಳು. ಪಾಪಜ್ಜಿ ನಿಧಾನವಾಗಿ ಬಿಡಿಸಿ ಹೇಳಿದಳು. “ಹೆರಿಗೆ ದಿನ ಒಂದು ಬೋಗುಣಿ ರಕ್ತ ಹೋಗುತ್ತೆ. ಮೈಯಲ್ಲಿ ಇದ್ದೋಳು ಕೊಟ್ಟು ಎದ್ದು ಕೂರ್ತಾಳೆ. ಇಲ್ಲದೋಳು ಎಲ್ಲಿಂದ ಕೊಡ್ತಾಳೆ? ಇನ್ನು ನಾಲ್ಕು ತಿಂಗಳೈತೆ. ಈಗಿಂದ ತುಂಬಿಸಿದರೆ ಉಳೀತಾಳೆ.”

ಏನು ಕೊಡಬೇಕು ಅಂತ ಹೇಳಿದಳು. ದಿನಾ ರಾಗಿ, ದಿನಾ ಸೊಪ್ಪು. ಅದರ ಮೇಲೆ ಒಂದು ಹಿಡಿ ಕವಳೆ ಹಣ್ಣು, ಚೆನ್ನಾಗಿ ಮಾಗಿ ಮೆತ್ತಗಾದದ್ದು. ರಾಗಿ, ಸೊಪ್ಪಿನಲ್ಲಿ ಸತ್ವವಿದೆ, ಆದರೆ ಹುಳಿ ಜೊತೆಗಿಲ್ಲದಿದ್ದರೆ ಅದು ರಕ್ತಕ್ಕೆ ಸರಿಯಾಗಿ ಇಳಿಯುವುದಿಲ್ಲ; ಕವಳೆಯಲ್ಲಿ ಸತ್ವವೂ ಇದೆ, ಹುಳಿಯೂ ಇದೆ. ಹಿಡಿ ಅಂದರೆ ಹಿಡಿ, ಬುಟ್ಟಿಯಲ್ಲ. ಹೆಚ್ಚು ತಿಂದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ. ಕವಳೆ ಮುಗಿದ ಮೇಲೆ ನೇರಳೆ.

ಕೆಂಚವ್ವ ಬೆರಳು ಮಡಿಚಿ ಎಣಿಸಿದಳು. ರಾಗಿ ಕಪ್ಪು. ಸೊಪ್ಪು ಕಪ್ಪು. ಕವಳೆ ಕಪ್ಪು. ನೇರಳೆ ಎಲ್ಲಕ್ಕಿಂತ ಕಪ್ಪು. ನನ್ನ ಮನೆಗೆ ಕಾಗೆ ಮರಿ ಹುಟ್ಟಿಸಬೇಕು ಅಂತಿದ್ದೀಯಾ ಅಂತ ಕೇಳಿ, ಪಾಪಜ್ಜಿಗೆ ಎಲೆ ಅಡಿಕೆ ಕೊಟ್ಟು ಕಳಿಸಿಬಿಟ್ಟಳು.

ಪಾಪಜ್ಜಿ ಅಂಗಳದಲ್ಲಿ ನಿಂತು ಎಲೆಗೆ ಸುಣ್ಣ ಸವರಿದಳು. ಜಗಳವಾಡಿದರೆ ನಾಲ್ಕು ತಿಂಗಳೂ ಜಗಳದಲ್ಲೇ ಕಳೆಯುತ್ತದೆ ಅಂತ ಅವಳಿಗೆ ಗೊತ್ತಿತ್ತು. ಬೇರೆ ದಾರಿ ಹುಡುಕಬೇಕು.

ಕೇಳಿ, ಮೊದಲನೆ ಸಲ ಏನಾಯಿತು.

ಪಾಪಜ್ಜಿ ಗುಡ್ಡ ಹತ್ತಿ ಜುಂಜಣ್ಣನನ್ನು ಹಿಡಿದಳು. ಹೆಂಡತಿ ಬದುಕಬೇಕಾ ಅಂತ ಕೇಳಿದಳು. ಅವನು ತಲೆಯಾಡಿಸಿದ. ಹಾಗಾದರೆ ಕಂಬಳಿ ಮಡಿಕೆಯಲ್ಲಿ ಒಂದು ಹಿಡಿ ಕವಳೆ ತಗೊಂಡು ಹೋಗು ಅಂದಳು. ಸಂಜೆ ಜುಂಜಣ್ಣ ಕೊಟ್ಟಿಗೆಯಲ್ಲಿ ಕಂಬಳಿ ಕೊಡವಿದ, ಹನುಮಕ್ಕ ಹುಲ್ಲು ಹಾಕುವ ನೆವದಲ್ಲಿ ಹೋಗಿ ತಿಂದಳು. ಎಷ್ಟು ದಿನದ ಮೇಲೆ ಬಾಯಿಗೆ ರುಚಿ ಸಿಕ್ಕಿತ್ತೋ, ಹನ್ನೆರಡು ಹಣ್ಣು ತಿಂದು ಹದಿಮೂರನೆಯದಕ್ಕೆ ಹುಲ್ಲಿನಲ್ಲಿ ತಡಕಿದಳು.

ತಿಂದದ್ದೇನೋ ಸರಿ. ನಾಲಿಗೆಗೆ ಏನು ಮಾಡುವುದು? ಕವಳೆ ತಿಂದ ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಉಪ್ಪು ತಿಕ್ಕಿದಳು, ಬೂದಿ ತಿಕ್ಕಿದಳು, ತೆಂಗಿನ ನಾರು ಹಾಕಿ ತಿಕ್ಕಿದಳು. ಬಣ್ಣವೇನೋ ಕೊಂಚ ಹೋಯಿತು. ಆದರೆ ಕವಳೆ ತೊಟ್ಟು ಮುರಿದರೆ ಬಿಳಿ ಹಾಲು ಬರುತ್ತದಲ್ಲ, ಅಂಟು ಅಂಟಾಗಿ, ಅದು ತುಟಿಗೆ ಮೆತ್ತಿಕೊಂಡಿತ್ತು. ಅತ್ತೆ ಕರೆದಾಗ ಹನುಮಕ್ಕನ ತುಟಿಗಳು ಒಂದಕ್ಕೊಂದು ಹಿಡಿದುಕೊಂಡು ಬಿಡಲೇ ಇಲ್ಲ. ಸಿಕ್ಕಿಬಿದ್ದಳು.

ಕೆಂಚವ್ವ ಸೊಸೆಗೆ ಮೂರು ಚೊಂಬು ಹಾಲು ಕುಡಿಸಿದಳು, ಒಳಗೆ ಕೂಸಿಗೆ ಹತ್ತಿದ ಕಪ್ಪು ತೊಳೆದುಹೋಗಲಿ ಅಂತ. ಮಗನನ್ನು ಕುರಿ ಸಮೇತ ಗುಡ್ಡದಾಚೆಗೆ ಅಟ್ಟಿದಳು.

ಇದು ಒಂದು. ಎರಡನೆಯದು ಕೇಳಿ.

ಆ ಊರಲ್ಲಿ ಇನ್ನೊಂದು ನಂಬಿಕೆ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿಗೆ ಕಿವಿ ಸೋರುತ್ತದೆ. ಪಾಪಜ್ಜಿ ಹನುಮಕ್ಕನಿಗೆ, ಕವಳೆ ಬೇಕು ಅಂತ ಎಲ್ಲರೆದುರು ಬಾಯಿಬಿಟ್ಟು ಕೇಳು ಅಂತ ಹೇಳಿಕೊಟ್ಟಳು. ಕೆಂಚವ್ವ ಏನು ಕಡಿಮೆಯವಳಾ? ಸೊಸೆ ಬಾಯಿ ತೆಗೆಯುವ ಮೊದಲೇ, ಬಾಯಿಬಿಟ್ಟು ಕೇಳಿದರೆ ತಾನೇ ಬಯಕೆ, ಆದ್ದರಿಂದ ಹೆರಿಗೆಯಾಗುವವರೆಗೆ ನೀನು ಏನನ್ನೂ ಬೇಕು ಅನ್ನಕೂಡದು ಅಂತ ಅಪ್ಪಣೆ ಮಾಡಿದಳು.

ಹನುಮಕ್ಕ ಬಡವಾಗಿದ್ದಳೇ ಹೊರತು ಪೆದ್ದಿಯಾಗಿರಲಿಲ್ಲ. ಕೊಟ್ಟಿಗೆಯಲ್ಲಿ ಕಾಳಿ ಅಂತ ಒಂದು ಕಪ್ಪು ಹಸು. ಅತ್ತೆಗೆ ಕೇಳಿಸುವ ಹಾಗೆ ಹಸುವಿನ ಹತ್ತಿರ ನಿಂತು, “ಕಾಳವ್ವಾ, ನಿಂಗೆ ಕವಳೆ ಹಣ್ಣು ತಿನ್ನೋ ಹಂಗಾಗ್ತೈತಾ? ಪಾಪ, ಕೇಳೋಕೆ ನಿಂಗೆ ಬಾಯಿಲ್ಲ ನೋಡು,” ಅಂದಳು.

ಕೆಂಚವ್ವ ಕೇಳಿಸಿಕೊಂಡಳು. ಯೋಚಿಸಿದಳು. ಗುಡ್ಡಕ್ಕೆ ಹೋಗಿ ಒಂದು ಬುಟ್ಟಿ ಕವಳೆ ತಂದಳು. ತಂದು ಹಸುವಿನ ಮುಂದೆ ಸುರಿದಳು. ಹಸು ಹೇಗೂ ಕಪ್ಪು, ಅದಕ್ಕೆ ಇನ್ನೇನಾಗಬೇಕು ಅನ್ನುವುದು ಅವಳ ಲೆಕ್ಕ. ಕಾಳಿ ಕಣ್ಣು ಮುಚ್ಚಿಕೊಂಡು ಬುಟ್ಟಿ ಖಾಲಿ ಮಾಡಿತು. ಹನುಮಕ್ಕ ನೋಡುತ್ತ ನಿಂತಿದ್ದಳು. ಅತ್ತೆಯ ಮೇಲಲ್ಲ, ಆ ಹಸುವಿನ ಮೇಲೆ ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆರು ತಿಂಗಳು ತುಂಬುತ್ತ ಬಂತು. ಕಾಲು ಬಾತುಕೊಂಡಿತು. ಮೆಟ್ಟಿಲು ಹತ್ತಿದರೆ ಎದೆ ಡವಗುಟ್ಟುತ್ತಿತ್ತು. ಪಾಪಜ್ಜಿ ಒಂದು ದಿನ ರೆಪ್ಪೆ ಎಳೆದು ನೋಡಿದಾಗ ಒಳಗೆಲ್ಲ ಹತ್ತಿ ಹಿಂಜಿಟ್ಟ ಹಾಗಿತ್ತು. ಗುಡ್ಡದಲ್ಲಿ ಕವಳೆ ಇನ್ನು ಹದಿನೈದು ದಿನ, ಹೆಚ್ಚೆಂದರೆ ಇಪ್ಪತ್ತು ದಿನ.

ಮೂರನೆ ಸಲ ಪಾಪಜ್ಜಿ ನೆಟ್ಟಗೆ ಕೆಂಚವ್ವನ ಎದುರಿಗೇ ಬಂದು ಕೂತಳು. ಕೂತು, ಸೋತವಳ ಹಾಗೆ ನಿಟ್ಟುಸಿರು ಬಿಟ್ಟಳು. ನೀನು ಹೇಳಿದ್ದೇ ಸರಿ ಕೆಂಚಿ, ಬಸುರಿ ತಿಂದ ಬಣ್ಣವೇ ಕೂಸಿಗೆ, ನನಗೆ ವಯಸ್ಸಾಗಿ ಬುದ್ಧಿ ಮಂಕಾಗಿತ್ತು ಅಂದಳು. ಕೆಂಚವ್ವನಿಗೆ ಅನುಮಾನ ಬಂತು. ಆದರೆ ಹೊಗಳಿಕೆ ಕೇಳಿ ಎಷ್ಟು ವರ್ಷವಾಗಿತ್ತೋ, ಮೊರ ಪಕ್ಕಕ್ಕಿಟ್ಟು ಕೂತಳು.

“ಒಂದೇ ಒಂದು ಸಂಶಯ. ಹೊಟ್ಟೆಗೆ ಹೋಗಿ ಅರೆದ ಮೇಲೆ ಕೂಸಿಗೆ ಇಳಿಯೋದು ಸಿಪ್ಪೆ ಬಣ್ಣವೋ, ರಸದ ಬಣ್ಣವೋ?” ಅಂತ ಕೇಳಿದಳು ಪಾಪಜ್ಜಿ.

ರಸದ್ದೇ, ಅದೂ ಗೊತ್ತಿಲ್ಲವಾ ನಿನಗೆ ಅಂದಳು ಕೆಂಚವ್ವ.

ಪಾಪಜ್ಜಿ ಸೆರಗಿನ ಗಂಟಿನಿಂದ ಒಂದು ಕವಳೆ ಹಣ್ಣು ತೆಗೆದಳು. ಮಾಗಿ ಮಿರಿಮಿರಿ ಮಿಂಚುವ ಕಪ್ಪು ಹಣ್ಣು. ಕೆಂಚವ್ವನ ಅಂಗೈ ಬಿಡಿಸಿ ಅದರ ಮೇಲೆ ಹಿಡಿದು ತೊಟ್ಟು ಮುರಿದಳು. ಒಂದು ಹನಿ ಬಿಳಿ ಹಾಲು ಬಿತ್ತು. ಆಮೇಲೆ ಹಣ್ಣು ಹಿಂಡಿದಳು. ಏನು ಬಂತು? ಕಪ್ಪು ಬಂತಾ? ಇಲ್ಲ. ಕುಂಕುಮ ಕಲಸಿದ ಹಾಗೆ ಕಡುಗೆಂಪು ರಸ. ಪಾಪಜ್ಜಿ ತೋರುಬೆರಳಿನಿಂದ ಎರಡನ್ನೂ ಕಲಸಿದಳು.

“ಹಾಲು ಅದರೊಳಗೇ ಐತೆ, ಕೆಂಪೂ ಅದರೊಳಗೇ ಐತೆ. ಈ ಬಣ್ಣದ ಕೆನ್ನೆ ಈ ಊರಲ್ಲಿ ಯಾವ ಕೂಸಿಗೈತೆ, ಹೇಳು.”

ಕೆಂಚವ್ವ ಅಂಗೈ ನೋಡಿದಳು. ಬಿಸಿಲಿಗೆ ಹಿಡಿದು ನೋಡಿದಳು. ನೆರಳಿಗೆ ಹಿಡಿದು ನೋಡಿದಳು. ಪಾಪಜ್ಜಿ, ನಿನಗೆ ಬೇಡವಾದರೆ ಬಿಡು, ಬಾವಿ ಮನೆಯವರ ಸೊಸೆಯೂ ಬಸುರಿ, ಅವಳಿಗೆ ಕೊಡೋಣ ಅಂತ ಏಳುವುದರೊಳಗೆ ಕೆಂಚವ್ವ ಬುಟ್ಟಿ ಎತ್ತಿಕೊಂಡು ಗುಡ್ಡದ ದಾರಿ ಹಿಡಿದಾಗಿತ್ತು. ಎಪ್ಪತ್ತು ದಾಟಿದ ಪಾಪಜ್ಜಿ ಅವಳ ಹಿಂದೆ ಓಡಬೇಕಾಯಿತು, ಹಿಡಿ ಕಣೇ, ಬುಟ್ಟಿಯಲ್ಲ ಕಣೇ ಅಂತ ಕೂಗುತ್ತ.

ಅಲ್ಲಿಂದ ಕೆಂಚವ್ವನ ಕಣ್ಣಿಗೆ ಲೋಕವೆಲ್ಲ ಕೆಂಪಾಯಿತು. ಪಾಪಜ್ಜಿ ರಾಗಿ ಕಾಳನ್ನು ಒದ್ದೆ ಅಂಗೈಯಲ್ಲಿ ಉಜ್ಜಿ ತೋರಿಸಿದಳು: ಕಾಳು ಕೆಂಪು, ಕಪ್ಪಾಗುವುದು ಬೇಯಿಸಿದ ಮಡಕೆಯ ತಪ್ಪು. ಸರಿ, ಮುದ್ದೆ ಬಂತು. ಕೆಂಪು ಹರಿವೆ ಸೊಪ್ಪು ಬೇಯಿಸಿದ ನೀರು ಕೆಂಪು. ಅದೂ ಬಂತು. ಬೆಲ್ಲ ಬಂತು. ಖಾರ ಹಚ್ಚಿ ಕೆಂಪಾಗಿದ್ದ ಹೋದ ವರ್ಷದ ನೆಲ್ಲಿಕಾಯಿ ಉಪ್ಪಿನಕಾಯಿ ದಿನಕ್ಕೊಂದು ಹೋಳು ಬಂತು. ಆಷಾಢ ಹತ್ತಿದ ಮೇಲೆ ನೇರಳೆ ಹಣ್ಣನ್ನು ಕಚ್ಚಿ ಒಳಗಿನ ಬಣ್ಣ ತೋರಿಸಿದಳು, ಅದೂ ಬಂತು. ಕೆಂಚವ್ವನ ಹುರುಪು ಎಲ್ಲಿಗೆ ಹೋಯಿತೆಂದರೆ, ಕೆಮ್ಮಣ್ಣೂ ಒಂದು ಚಿಟಿಕೆ ಕೊಡಲಾ ಅಂತ ಕೇಳಿದಳು. ಅಡುಗೆಮನೆ ಗೋಡೆಯಲ್ಲಿ ಅರ್ಧ ಗೇಣು ಮಣ್ಣು ಆಗಲೇ ಸೊಸೆಯ ಹೊಟ್ಟೆಗೆ ಹೋಗಿತ್ತು ಅಂತ ಪಾಪಜ್ಜಿ ಹೇಳಲಿಲ್ಲ. ಬೇಡ ಅಂದಳು, ಅಷ್ಟೆ.

ಹನುಮಕ್ಕ ಗೋಡೆ ಕೆರೆಯುವುದನ್ನು ಬಿಟ್ಟಳು. ಉಗುರಿಗೆ ಬಣ್ಣ ಬಂತು. ಒಂದು ದಿನ ಬಾವಿಯಿಂದ ಕೊಡ ಹೊತ್ತು ಎಲ್ಲೂ ಕೂರದೆ ಮನೆಗೆ ಬಂದಳು. ಬಿಳುಪು ಹೋಗಿ ಅವಳದೇ ಎಣ್ಣೆಗೆಂಪು ಬಣ್ಣ ಮೈಗೆ ಮರಳಿತು. ಅಲ್ಲಿ ಕೆಂಚವ್ವನಿಗೆ ಮತ್ತೆ ದಿಗಿಲು. ಪಾಪಜ್ಜಿಯ ಹತ್ತಿರ ಹೋಗಿ, ಸೊಸೆ ಕಪ್ಪಗಾಗುತ್ತಿದ್ದಾಳೆ ಅಂದಳು. ಪಾಪಜ್ಜಿ ಒಂದು ಕ್ಷಣವೂ ತಡಮಾಡಲಿಲ್ಲ.

“ಆಗದೆ ಇನ್ನೇನು? ಬಿಳುಪೆಲ್ಲ ಕೂಸಿಗೆ ಇಳೀತಿದೆ,” ಅಂದಳು.

ಕೆಂಚವ್ವ ಸಮಾಧಾನವಾಗಿ ಮನೆಗೆ ಬಂದಳು.

ಭಾದ್ರಪದದ ಒಂದು ನಡುಮಧ್ಯಾಹ್ನ ನೋವು ಜೋರಾಯಿತು. ಗುಡ್ಡದಾಚೆಯಿಂದ ಬಂದ ಜುಂಜಣ್ಣ ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂತ. ಒಳಗೆ ಕೆಂಚವ್ವ ಸೊಸೆಯನ್ನು ಬೆನ್ನ ಹಿಂದಿನಿಂದ ಆತು ಹಿಡಿದಿದ್ದಳು, ಪಾಪಜ್ಜಿ ಮುಂದೆ. ಕೂಸು ಬಂತು. ಆಮೇಲೆ ರಕ್ತ ಬಂತು. ಬೋಗುಣಿ ತುಂಬಿತು. ನಿಲ್ಲಲಿಲ್ಲ. ಪಾಪಜ್ಜಿ ಹೊಟ್ಟೆ ನೀವುತ್ತ, ಒತ್ತುತ್ತ, ಬಾಯಲ್ಲಿ ಏನನ್ನೋ ಎಣಿಸುತ್ತಿದ್ದಳು. ಹನುಮಕ್ಕನ ತಲೆ ಕೆಂಚವ್ವನ ಭುಜಕ್ಕೆ ವಾಲಿತು. ಕೆಂಚವ್ವ ಕೂಸಿನ ಕಡೆ ನೋಡಲಿಲ್ಲ. ಬಣ್ಣ ಕೇಳಲಿಲ್ಲ. ಸೊಸೆಯ ಕೆನ್ನೆ ತಟ್ಟುತ್ತ, ಹನುಮಿ, ಕಣ್ಣು ಬಿಡೇ, ಹನುಮಿ, ಕಣ್ಣು ಬಿಡೇ ಅಂತ ಒಂದೇ ಸಮ ಹೇಳುತ್ತಿದ್ದಳು.

ಹೊತ್ತು ಎಷ್ಟಾಯಿತೋ. ರಕ್ತ ಸಣ್ಣಗಾಯಿತು, ನಿಂತಿತು. ಹನುಮಕ್ಕ ಕಣ್ಣು ಬಿಟ್ಟು ನೀರು ಕೇಳಿದಳು. ಪಾಪಜ್ಜಿ ಅವಳ ಕೆಳರೆಪ್ಪೆ ಎಳೆದು ನೋಡಿದಳು. ಬಿಳಿಚಿತ್ತು, ಆದರೆ ಒಳಗೆ ಇನ್ನೂ ಒಂದು ಗೆರೆ ಕೆಂಪು ಉಳಿದಿತ್ತು. ಆ ಗೆರೆ ಸಾಕಾಗಿತ್ತು.

ಆಗ ಅವಳ ಎರಡು ಹಲ್ಲು ಹೊರಗೆ ಬಂದವು. ತೊಳೆದು ಒರೆಸಿದ ಹೆಣ್ಣು ಕೂಸನ್ನು ಎತ್ತಿ ಹಿಡಿದು, “ಕೆಂಪು ಕೂಸು ತಾನೇ ನೀನು ಕೇಳಿದ್ದು? ನೋಡ್ಕೋ,” ಅಂದಳು. ಕೂಸು ಕಿರಿಚಿ ಕಿರಿಚಿ ದಾಸವಾಳದ ಹಾಗೆ ಕೆಂಪಾಗಿತ್ತು. ನೀವೇ ಹೇಳಿ, ಆಗ ತಾನೇ ಹುಟ್ಟಿದ ಕೂಸು ಎಷ್ಟು ಮನೆಯಲ್ಲಿ ಹಾಗಿರುವುದಿಲ್ಲ? ಆ ಸಂತೋಷದಲ್ಲಿ ಕೆಂಚವ್ವನಿಗೆ ಅದು ಹೊಳೆಯಲಿಲ್ಲ. ಪಾಪಜ್ಜಿಗೆ ಒಂದು ಸೀರೆ ಕೊಟ್ಟಳು, ಮೊಟ್ಟೆಯಿಡುವ ಕೋಳಿ ಕೊಟ್ಟಳು. ಹೊರಗಿನಿಂದ ಜುಂಜಣ್ಣ, ಈಗ ತಿರುಗಲಾ ಅವ್ವಾ ಅಂತ ಕೇಳಿದ. ತಿರುಗಪ್ಪಾ ಅಂದಳು ಕೆಂಚವ್ವ.

ಮೊದಲನೆ ತಿಂಗಳು ಕೂಸು ಕೆಂಪು. ಎರಡನೆ ತಿಂಗಳು ಗೋಧಿ. ಮೂರನೆ ತಿಂಗಳು ಮುಗಿಯುವ ಹೊತ್ತಿಗೆ, ಏನು ಹೇಳಲಿ, ನೇರಳೆ ಹಣ್ಣನ್ನು ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ. ಕೆಂಚವ್ವ ಕಡಲೆಹಿಟ್ಟು ತಿಕ್ಕಿದಳು. ಅರಿಸಿನ ತಿಕ್ಕಿದಳು. ಹಾಲಿನ ಕೆನೆ ತಿಕ್ಕಿದಳು. ಕೂಸು ಕಚಗುಳಿಯಿಟ್ಟರೆಂದು ತಿಳಿದು ನಕ್ಕಿತು, ಇನ್ನಷ್ಟು ಮಿಂಚಿತು.

ಕೆಂಚವ್ವ ಸೆರಗು ಬಿಗಿದು ಪಾಪಜ್ಜಿಯ ಗುಡಿಸಲಿಗೆ ಹೊರಟಳು. ಜಗಳಕ್ಕೆ ಹೋಗುವಾಗಲೂ ಕೂಸು ಕಂಕುಳಲ್ಲೇ. ಯಾಕೆಂದರೆ ಬಿಟ್ಟು ಹೋದರೆ ಕೂಸು ಅಳುತ್ತಿತ್ತು, ಕೂಸು ಅತ್ತರೆ ಕೆಂಚವ್ವನಿಗೆ ತಡೆಯುತ್ತಿರಲಿಲ್ಲ.

ಪಾಪಜ್ಜಿ ಚಾಪೆಯ ಮೇಲೆ ನೆಲ್ಲಿಕಾಯಿ ಒಣಹಾಕುತ್ತಿದ್ದಳು.

“ನಂಬಿಸಿ ಮೋಸ ಮಾಡಿದೆಯಲ್ಲ ಪಾಪಜ್ಜಿ,” ಅಂದಳು ಕೆಂಚವ್ವ.

“ಹೂಂ, ಮಾಡಿದೆ. ಕೂತ್ಕೋ.”

ಕೆಂಚವ್ವ ಕೂರಲಿಲ್ಲ. ಪಾಪಜ್ಜಿ ನೆಲ್ಲಿಕಾಯಿಯಿಂದ ಕಣ್ಣೆತ್ತದೆ, ನಿಮ್ಮವ್ವನನ್ನು ನೋಡಿದ್ದೀಯಾ ಅಂತ ಕೇಳಿದಳು. ಕೆಂಚವ್ವ ಹಳ್ಳದಾಚೆಯ ಹಟ್ಟಿಯವಳು, ಅಜ್ಜಿ ಸಾಕಿದ ಮೊಮ್ಮಗಳು. ನೋಡಿಲ್ಲ, ನಾನು ಹುಟ್ಟಿದ ದಿನವೇ ಯಾರದೋ ದೃಷ್ಟಿ ತಾಗಿ ಹೋದಳಂತೆ ಅಂದಳು.

“ನಾನು ನೋಡಿದ್ದೆ. ನಿನ್ನ ಹೆರಿಗೆ ಮಾಡಿಸಿದೋಳು ನಮ್ಮವ್ವ. ನಾನು ಬಿಸಿನೀರು ಹೊತ್ತುಕೊಂಡು ಅವಳ ಹಿಂದೆ ಹೋಗಿದ್ದೆ. ದೃಷ್ಟಿ ಅಲ್ಲ ಕಣೇ ಮಗಾ. ನಿಮ್ಮಜ್ಜಿಗೆ ಬೆಳ್ಳನೆ ಕೂಸು ಬೇಕಿತ್ತು. ಒಂಬತ್ತು ತಿಂಗಳು ನಿಮ್ಮವ್ವನಿಗೆ ಹಾಲು ಅನ್ನ ಬಿಟ್ಟು ಬೇರೆ ಮುಟ್ಟಗೊಡಲಿಲ್ಲ. ಒಂದು ಬೋಗುಣಿ ರಕ್ತ ಹೋಯ್ತು. ಅವಳ ಮೈಯಲ್ಲಿ ಇದ್ದದ್ದೇ ಅಷ್ಟು.”

ಕೆಂಚವ್ವ ಆಗ ಕೂತಳು. ಮೊದಲೇ ಯಾಕೆ ಹೇಳಲಿಲ್ಲ ಅಂದಳು.

“ಹೇಳಿದ್ರೆ ನಾಲ್ಕು ತಿಂಗಳು ಸತ್ತ ಅಜ್ಜಿ ಜೊತೆ ಜಗಳಾಡ್ತಾ ಕೂತಿರ್ತಿದ್ದೆ. ನಂಗೆ ಬೇಕಾಗಿದ್ದು ನಿನ್ನ ಸೊಸೆ ಹೊಟ್ಟೆಗೆ ಕವಳೆ.”

ಕೂಸು ಅಜ್ಜಿಯ ಮೂಗು ಹಿಡಿದು ಎಳೆಯಿತು. ಕೆಂಚವ್ವ ಮೂಗು ಬಿಡಿಸಿಕೊಳ್ಳಲಿಲ್ಲ. ಐವತ್ತೇಳು ವರ್ಷದ ಹೆಂಗಸು, ಮುಖವನ್ನೇ ನೋಡದ ತಾಯಿಗಾಗಿ ನೆಲ್ಲಿಕಾಯಿ ಚಾಪೆಯ ಪಕ್ಕದಲ್ಲಿ ಕೂತು ಅತ್ತಳು. ಪಾಪಜ್ಜಿ ಕಾಯಿ ಹರಡುತ್ತಿದ್ದಳು. ಅತ್ತು ಮುಗಿದ ಮೇಲೆ ಕೆಂಚವ್ವ ಕಣ್ಣೊರೆಸಿಕೊಂಡು, ಬಾವಿ ಮನೆಯವರ ಸೊಸೆಗೆ ಈಗ ಏನು ಉಣ್ಣಿಸುತ್ತಿದ್ದಾರೆ ಅಂತ ಕೇಳಿದಳು. ಹಾಲು ಅನ್ನ ಅಂದಳು ಪಾಪಜ್ಜಿ.

ಕತೆ ಮುಗಿಯಿತು ಅಂದುಕೊಂಡಿರಾ? ತಾಳಿ. ಇನ್ನು ಸ್ವಲ್ಪವೇ ಇದೆ, ಆದರೆ ಅದೇ ಕಷ್ಟದ್ದು.

ಕೆಂಚವ್ವ ಊರಿನ ಬಸುರಿಯರ ಮನೆಗಳಿಗೆ ಹೊರಟಳು. ಮೊದಲನೆ ಮನೆಗೆ ಹೋದಳು, ರಕ್ತದ ಮಾತು ಹೇಳಿದಳು, ರೆಪ್ಪೆ ಎಳೆದು ತೋರಿಸಿದಳು. ನನ್ನ ಸೊಸೆ ಕವಳೆ ತಿಂದು ಬದುಕಿದಳು ಅಂದಳು. ಆ ಮನೆಯವರು ಕೆಂಚವ್ವನ ಕಂಕುಳಲ್ಲಿದ್ದ ಕೂಸನ್ನು ನೋಡಿದರು. ಕಾಣ್ತೈತೆ ಬಿಡಮ್ಮ ಅಂದರು. ಎರಡನೆ ಮನೆಗೆ ಹೋದಳು. ಅವರೂ ಕೂಸನ್ನು ನೋಡಿದರು, ತಮ್ಮ ಸೊಸೆಯನ್ನು ಒಳಗೆ ಕಳಿಸಿದರು. ಮೂರನೆ ಮನೆಯಲ್ಲಿ ಬಾಗಿಲೇ ತೆಗೆಯಲಿಲ್ಲ. ಊರಿನ ನಂಬಿಕೆಗೆ ಇಷ್ಟು ದಿನ ಸಾಕ್ಷಿ ಇರಲಿಲ್ಲ, ಈಗ ಕೆಂಚವ್ವ ತಾನೇ ಸಾಕ್ಷಿಯನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ತಿರುಗಿದ ಹಾಗಾಯಿತು.

ನಾಲ್ಕನೆಯದು ಬಾವಿ ಮನೆ. ಅವರ ಸೊಸೆಗೆ ಎಂಟು ತಿಂಗಳು, ಗೋಡೆಗೆ ಒರಗಿ ಕೂತಿದ್ದಳು, ಉಗುರಿನ ಸಂದಿಯಲ್ಲಿ ಕೆಮ್ಮಣ್ಣು. ಕೆಂಚವ್ವ ಅದನ್ನು ನೋಡಿದಳು. ಈ ಸಲ ರಕ್ತ ಅನ್ನಲಿಲ್ಲ, ರೆಪ್ಪೆ ಅನ್ನಲಿಲ್ಲ. ಅಕ್ಕಪಕ್ಕದ ಅತ್ತೆಯರನ್ನೆಲ್ಲ ಕೂಗಿ ಕರೆದಳು. ಜಗಲಿಯ ನಡುವೆ ಕೂತು, ತಲೆಯ ಮೇಲಿನ ಸೆರಗು ತೆಗೆದು, ನಲವತ್ತು ವರ್ಷ ಮರೆಮಾಡಿಕೊಂಡು ಬಂದಿದ್ದ ಮುಖವನ್ನು ಬಿಸಿಲಿಗೆ ಒಡ್ಡಿದಳು.

“ನಮ್ಮವ್ವ ನನ್ನ ಹೊತ್ತಾಗ ಒಂಬತ್ತು ತಿಂಗಳು ಹಾಲು ಅನ್ನ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಸುಳ್ಳಾದ್ರೆ ಪಾಪಜ್ಜಿನ ಕೇಳಿ. ಈಗ ನನ್ನ ಮುಖ ನೋಡಿ.”

ನೋಡಿದರು. ಒಬ್ಬೊಬ್ಬರೂ ನೋಡಿದರು. ಒಲೆಯ ಮೇಲೆ ಬಾವಿ ಮನೆಯವರ ಅನ್ನ ಕುದಿಯುತ್ತಿತ್ತು. ಆ ಮನೆಯ ಅತ್ತೆ ಮೊದಲು ಕೆಂಚವ್ವನ ಮುಖ ನೋಡಿದಳು, ಆಮೇಲೆ ಅನ್ನದ ಮಡಕೆ ನೋಡಿದಳು. ಎದ್ದು ಹೋಗಿ, ಯಾರನ್ನೂ ಕೇಳದೆ, ಮಡಕೆಯನ್ನು ಒಲೆಯಿಂದ ಇಳಿಸಿದಳು.

ಮಾರನೆಯ ದಿನ ಬೆಳಗ್ಗೆ ಗುಡ್ಡದ ತುಂಬ ಅತ್ತೆಯರು. ನೆಲ್ಲಿ ಮರಕ್ಕೆ ಕಲ್ಲು ಹೊಡೆಯುವವರೊಬ್ಬರು, ಎಲಚಿ ಇನ್ನೂ ಯಾಕೆ ಮಾಗಿಲ್ಲ ಅಂತ ಗಿಡಕ್ಕೆ ಬೈಯುವವರೊಬ್ಬರು, ಕವಳೆ ಬರೋದು ಯಾವಾಗ ಅಂತ ಪಾಪಜ್ಜಿಯ ಪ್ರಾಣ ತಿನ್ನುವವರೊಬ್ಬರು. ಕೆಂಚವ್ವ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವರು ಅರ್ಥಮಾಡಿಕೊಂಡದ್ದರಲ್ಲಿ ಒಂದಕ್ಷರ ನಿಜವಿರಲಿಲ್ಲ. ಆ ವರ್ಷ ಊರಲ್ಲಿ ಹನ್ನೊಂದು ಹೆರಿಗೆ. ಹನ್ನೊಂದು ತಾಯಂದಿರೂ ಬದುಕಿದರು. ಕೂಸುಗಳ ಬಣ್ಣ ಯಾವುದು ಅಂತ ಕೇಳುತ್ತೀರಾ? ಅವರವರ ಅಪ್ಪ ಅವ್ವನದು.

ಅವರು ಅವರ ಗುಡ್ಡದಲ್ಲಿ ಹಣ್ಣು ಆರಿಸುತ್ತಿದ್ದಾರೆ, ನಾವು ಇಲ್ಲಿ ಕೂತು ಮಾತು ಆರಿಸಿದೆವು. ಕತೆ ಅವರದು, ಬಾಯಿ ನನ್ನದು, ಕಿವಿ ನಿಮ್ಮದು. ಅವರವರದನ್ನು ಅವರವರು ಜೋಪಾನವಾಗಿ ತಗೊಂಡು ಇನ್ನು ಏಳಿ.